ಅಂಗಡಿಯಲ್ಲಿ ಸರಿ, ಮನೆಯಲ್ಲಿ ಬೀಪ್

ಬೀಪ್, ಬೀಪ್, ಬೀಪ್ ಎಂದು ಕೂಗಿ ಕಂಪ್ಯೂಟರ್ ಮತ್ತೆ ಕಪ್ಪಾಗಿ ನಿಂತಿತು. ಅಪ್ಪ ಮೇಜಿಗೆ ಗುದ್ದಿದರು. ಕಂಪ್ಯೂಟರಿಗೆ ಏನೂ ಆಗಲಿಲ್ಲ, ಅಪ್ಪನ ಕೈ ಕೆಂಪಾಯಿತು.

“ನಿನ್ನೆ ಗೇಮ್ ಆಡಿದ್ದು ಯಾರು?”

ಆಡಿದ್ದು ಚೂಟಿಯೇ. ಆದರೆ ಆಗ ಅದು ಚೆನ್ನಾಗಿಯೇ ಇತ್ತು. ಹೇಳಿದರೆ ಕೇಳುವವರು ಯಾರು? ದೊಡ್ಡವರಿಗೆ ಮೊದಲು ಕಳ್ಳ ಸಿಗಬೇಕು, ರಿಪೇರಿ ಆಮೇಲೆ. ಇನ್ನು ಕಂಪ್ಯೂಟರ್ ಮುಟ್ಟಕೂಡದು ಎಂದು ಅಪ್ಪ ಅಪ್ಪಣೆ ಕೊಟ್ಟೇಬಿಟ್ಟರು.

ಚೂಟಿ ಐದನೇ ಕ್ಲಾಸಿನ ಗೋಡೆಪತ್ರಿಕೆಯ ಎಡಿಟರ್. ಇಪ್ಪತ್ತಮೂರು ಮಕ್ಕಳು ಬರೆದದ್ದೆಲ್ಲ ಕಂಪ್ಯೂಟರಿನ ಸಿಪಿಯು ಡಬ್ಬದೊಳಗಿತ್ತು. ನಾಳೆ ಮೊದಲನೇ ಪಿರಿಯಡ್ಡಿಗೆ ಅದು ಗೋಡೆಯ ಮೇಲಿರಬೇಕು.

ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಅಪ್ಪನ ಸ್ಕೂಟರ್ ಹತ್ತಿದಳು. ಅಂಗಡಿಯಲ್ಲಿ ರಿಪೇರಿ ಮಾಮ ಅದಕ್ಕೆ ತಮ್ಮ ವೈರುಗಳನ್ನು ಸಿಕ್ಕಿಸಿ ಸ್ವಿಚ್ ಒತ್ತಿದರೆ, ಡಬ್ಬ ಜಾಣಮರಿಯ ಹಾಗೆ ಶುರುವಾಯಿತು. ಇಲ್ಲೇ ಪ್ರಿಂಟ್ ಕೊಡಿ ಎನ್ನೋಣವೆಂದರೆ ಮಾಮನ ಪ್ರಿಂಟರ್ ನೂರು ಚೂರಾಗಿ ಮೇಜಿನ ಮೇಲೆ ಹರಡಿಕೊಂಡಿತ್ತು. ಮನೆಗೆ ತಂದರು: ಬೀಪ್. ಮತ್ತೆ ಅಂಗಡಿಗೆ ಹೊತ್ತರು: ಸರಿ.

“ನಿಮ್ಮನ್ನ ಕಂಡ್ರೆ ಇದಕ್ಕೆ ಭಯ ಅಂತ ಕಾಣತ್ತೆ,” ಎಂದರು ಅಪ್ಪ.

ಮಾಮ ನಕ್ಕರು. “ಡಬ್ಬ ಒಂದನ್ನೇ ಹೊತ್ಕೊಂಡು ಬರ್ತಿದ್ದೀರಿ ಸಾರ್. ಮಿಕ್ಕಿದ್ದೆಲ್ಲ ಮನೇಲೇ ಇದೆ. ಕಾಯಿಲೆ ಅದಕ್ಕೇ ಇರಬಹುದಲ್ಲ?” ಆಮೇಲೆ ಚೂಟಿಯ ಕಡೆ ತಿರುಗಿ, ಒಂದೊಂದೇ ವೈರ್ ಕಿತ್ತು ಪ್ರತಿ ಸಲವೂ ಆನ್ ಮಾಡಿ ನೋಡಲು ಹೇಳಿಕೊಟ್ಟರು.

ಮನೆಗೆ ಬಂದ ಅಪ್ಪ ಸುಸ್ತಾಗಿದ್ದರು. ಏನಾದರೂ ಮಾಡಿಕೋ ಎಂದು ಮುಖ ತೊಳೆಯಲು ಹೋದರು.

ಚೂಟಿ ಪ್ರಿಂಟರಿನ ವೈರ್ ಕಿತ್ತಳು. ಬೀಪ್. ಮೌಸ್ ಕಿತ್ತಳು. ಬೀಪ್. ಕೀಬೋರ್ಡ್ ಕಿತ್ತಳು. ಸದ್ದಿಲ್ಲ. ಪರದೆ ಪಳಕ್ಕನೆ ಬೆಳಗಿತು.

ಕೀಬೋರ್ಡನ್ನು ಬೆಳಕಿಗೆ ಹಿಡಿದು ನೋಡಿದಳು. ಒಂದು ಕೀ ಒಳಗೇ ಕೂತುಬಿಟ್ಟಿತ್ತು. ಮುಟ್ಟಿದರೆ ಅಂಟು. ಮೂಸಿದಳು, ಟೀ. ಬೆರಳನ್ನು ನಾಲಿಗೆಗೆ ತಾಗಿಸಿದಳು, ಸಿಹಿ.

ಮಧ್ಯಾಹ್ನ ಮನೆಯಲ್ಲಿರುವುದು ಅಜ್ಜ ಒಬ್ಬರೇ. ಡಾಕ್ಟರು ಸಕ್ಕರೆ ಬಿಡಿಸಿರುವುದೂ ಅಜ್ಜನಿಗೇ.

ತಿರುಗಿ ನೋಡಿದಳು. ಅಜ್ಜ ಪೇಪರಿನ ಹಿಂದೆ ಇದ್ದರು. ಆಗಿನಿಂದ ಒಂದು ಹಾಳೆಯನ್ನೂ ತಿರುವಿರಲಿಲ್ಲ.

“ನಿಮ್ಮ ಪತ್ರಿಕೆ ಓದೋಣ ಅಂತ ಕಂಪ್ಯೂಟರ್ ಹಾಕ್ದೆ ಕಣೆ,” ಎಂದು ಅಜ್ಜ ಪಿಸುಗುಟ್ಟಿದರು. “ಲೋಟ ಜಾರ್ತು. ನಿಮ್ಮಪ್ಪಂಗೆ ಹೇಳ್ತೀಯಾ?”

ಏನಾದರೂ ಒಡೆದಾಗ ಚೂಟಿ ಅಜ್ಜನನ್ನು ಕೇಳುತ್ತಿದ್ದದ್ದೂ ಇದೇ ದನಿಯಲ್ಲಿ. ಅವಳು ಒದ್ದೆ ಬಟ್ಟೆ ತಂದು ಕೀ ಮೇಲೇಳುವವರೆಗೆ ಒರೆಸಿದಳು. ಕೀಬೋರ್ಡ್ ಸಿಕ್ಕಿಸಿ ಆನ್ ಮಾಡಿದರೆ ಬೀಪ್ ಇಲ್ಲ.

ಅಪ್ಪ ಬಂದು ಏನಾಗಿತ್ತೆಂದು ಕೇಳಿದರು. ಒಂದು ಕೀ ಸಿಕ್ಕಿಕೊಂಡಿತ್ತು ಎಂದಳು.

“ನೋಡಿದ್ಯಾ? ಗೇಮ್ ಗೇಮ್ ಅಂತ ಕುಟ್ಟಿ ಕುಟ್ಟಿ ಹಾಳು ಮಾಡಿದ್ದೀಯ.”

ಚೂಟಿಯ ಕಣ್ಣು ತುಂಬಿತು. ಟೀ ಕಲೆಯ ಬಟ್ಟೆಯನ್ನು ಬೆನ್ನ ಹಿಂದೆ ಮರೆಮಾಡಿದಳು.

ಪೇಪರ್ ಕೆಳಗಿಳಿಯಿತು. “ಅವಳಲ್ಲ ಕಣೋ. ನಾನು ಟೀ ಚೆಲ್ಲಿದ್ದು.”

ಅಡುಗೆಮನೆಯಿಂದ ಅಮ್ಮನ ದನಿ ಬಂತು. “ಬರೀ ಟೀ ಚೆಲ್ಲಿದ್ರೆ ಕೀ ಯಾಕೆ ಅಂಟ್ಕೊಳ್ಳತ್ತೆ ಮಾವ? ಸಕ್ಕರೆ ಹಾಕಿದ್ರಾ?”

ಅಜ್ಜನ ಕಿವಿ ಕೆಂಪಾಯಿತು. ಅಮ್ಮ ಸೌಟು ಹಿಡಿದೇ ಹೊರಗೆ ಬಂದು ಅಜ್ಜನ ಎದುರು ನಿಂತರು. ವಿಚಾರಣೆ ಊಟದವರೆಗೂ ನಡೆಯುವ ಹಾಗಿತ್ತು. ಅಪ್ಪ ಗಂಟಲು ಸರಿಮಾಡಿಕೊಂಡು, ಎಷ್ಟು ಪೇಜು ಎಂದು ಚೂಟಿಯನ್ನು ಕೇಳಿ, ತಾವೇ ಪ್ರಿಂಟರಿಗೆ ಹಾಳೆ ತುಂಬಿದರು.

“ಅಜ್ಜ, ಪೇಜು ಜೋಡಿಸೋಕೆ ಬಾ,” ಎಂದು ಚೂಟಿ ಕೂಗಿದಳು. “ಅರ್ಜೆಂಟು.”

ಅಜ್ಜ ಓಡುತ್ತಲೇ ಬಂದರು. ಇದ್ದದ್ದು ಆರೇ ಪೇಜು. ಚೂಟಿ ಅವನ್ನು ಒಂದೊಂದಾಗಿ, ನಿಧಾನಕ್ಕೆ ಅವರ ಕೈಗೆ ಕೊಡತೊಡಗಿದಳು.