ಸೆನ್ಸರ್‌ನೊಳಗೆ ಗುಲಾಬಿ ಪೌಡರ್

ಏಣಿ ಹತ್ತಿ ಕಡತಗಳ ಕೋಣೆಯ ಹೊಗೆ ಸೆನ್ಸರ್ ಬಿಚ್ಚಿದ ಟೆಕ್ನಿಷಿಯನ್ ಹುಡುಗಿ ದಂಗಾದಳು. ಒಳಗೆ ಧೂಳಲ್ಲ, ಜೇಡವಲ್ಲ. ಬೆಳ್ಳನೆಯ ಪೌಡರ್. ಮೂಸಿದಳು. ಗುಲಾಬಿ.

ಕೆಳಗೆ ಏಣಿ ಹಿಡಿದವನು ಗುಮಾಸ್ತ. ಎರಡು ತಿಂಗಳಲ್ಲಿ ಆರು ಸಲ ಈ ಸೆನ್ಸರ್ ಸುಮ್ಮಸುಮ್ಮನೆ ಕೂಗಿತ್ತು. ಆರು ಸಲವೂ ಏಣಿ ಹಿಡಿದು, ಗೋಡೆ ನೋಡುತ್ತಾ, ಕಿವಿ ಕೆಂಪಾಗಿಸಿಕೊಂಡು ನಿಂತಿದ್ದವನು ಇವನೇ. ಆಗೆಲ್ಲ ಜೇಡವೆಂದುಕೊಂಡು ಹೊರಗಿನಿಂದ ಒರೆಸಿ ಹೋಗಿದ್ದವಳು, ಇವತ್ತು ಮೂರು ತಿಂಗಳ ಸರ್ವಿಸ್‌ಗೆಂದು ಬಂದು ಮೊದಲ ಸಲ ಬಿಚ್ಚಿದ್ದಳು.

"ಮತ್ತೆ ಜೇಡಾನಾ ಮೇಡಂ?"

"ಜೇಡ ಪೌಡರ್ ಹಾಕ್ಕೊಳ್ಳುತ್ತಾ?"

ಏಣಿ ಅಲುಗಿತು. ಅವಳು ಇಳಿದು ಅವನ ಕುತ್ತಿಗೆಯ ಹತ್ತಿರ ಮೂಗು ತಂದಳು. ಅದೇ ಗುಲಾಬಿ.

"ನೀವಾ?"

"ಸರ್ವಿಸ್‌ಗೆ ಅಂತ ಮೂರು ತಿಂಗಳಿಗೊಂದ್ಸಲ ಬರ್ತೀರಿ. ನನಗೆ ಸಾಲ್ತಿರಲಿಲ್ಲ." ಅವನು ಉಗುಳು ನುಂಗಿದ. "ಹೋದ ವಾರಾನೂ ಹಾಕಿದೆ. ಯಾಕೋ ಕೂಗಲೇ ಇಲ್ಲ."

ಅವಳ ತುಟಿಯವರೆಗೆ ಬಂದಿದ್ದ ನಗು ಅಲ್ಲೇ ಸತ್ತಿತು. ಕೂಗಲೇ ಇಲ್ಲವೇ? ಅವಳು ಮೂರು ಮಹಡಿ ದಡದಡ ಇಳಿದಳು. ಅವನು ಹಿಂದೆಯೇ ಓಡಿದ.

ಕೆಳಗಿನ ಅಲಾರಂ ಪ್ಯಾನೆಲ್‌ನಲ್ಲಿ ಹಳದಿ ದೀಪ ಉರಿಯುತ್ತಿತ್ತು. ಕಡತಗಳ ಕೋಣೆ: ಸ್ಥಗಿತ.

"ಬಡ್ಕೊಂಡು ಬಡ್ಕೊಂಡು ತಲೆ ತಿಂತಿತ್ತು ಕಣಮ್ಮ," ಎಂದ ಕಾವಲುಗಾರ. "ಹತ್ತು ದಿನದ ಹಿಂದೆ ಬಾಯಿ ಮುಚ್ಚಿಸಿಬಿಟ್ಟೆ."

ಹತ್ತು ದಿನ. ನೆಲದಿಂದ ಚಾವಣಿವರೆಗೆ ಕಾಗದ, ಒಂದೇ ಬಾಗಿಲು, ಒಳಗೆ ಇವನು. ಅವಳು ಪ್ಯಾನೆಲ್‌ನ ಕೀಲಿ ತಿರುಗಿಸಿ ಆ ಕೋಣೆಯ ಅಲಾರಂ ಮತ್ತೆ ಚಾಲೂ ಮಾಡಿದಳು.

"ನಾನು ಬರದಿರೋ ಹೊತ್ತಲ್ಲಿ ಬೆಂಕಿ ಬಿದ್ದಿದ್ರೆ? ನೀವು ಅಲ್ಲೇ..." ಅವಳು ಗುಮಾಸ್ತನತ್ತ ತಿರುಗಿದಳು. ದಿನಕ್ಕೆ ನಲವತ್ತು ಸೆನ್ಸರ್ ನೋಡುವವಳು, ಯಾವ ಕೋಣೆಯ ಬಗ್ಗೆಯೂ ಹೀಗೆ ಹೆದರಿದವಳಲ್ಲ. ಅದು ಗೊತ್ತಾಗಿ ಅವಳಿಗೆ ಇನ್ನೊಮ್ಮೆ ಗಾಬರಿಯಾಯಿತು.

"ನನಗೆ ನೀವು ಬರಲಿಲ್ವಲ್ಲ ಅನ್ನೋದಷ್ಟೇ ಚಿಂತೆ," ಎಂದ ಅವನು.

"ಮುಠ್ಠಾಳ!"

ಮೇಲೆ ಹೋಗಿ ಹೊಸ ಸೆನ್ಸರ್ ಕೂರಿಸಿ, ಪರೀಕ್ಷೆಯ ಹೊಗೆ ಊದಿದಳು. ಕಟ್ಟಡ ಕಿವಿಗಡಚಿಕ್ಕುವಂತೆ ಕೂಗಿತು. ಅವನು ಏಣಿ ಬಿಡಲಿಲ್ಲ; ಈ ಸಲ ಗೋಡೆಯನ್ನೂ ನೋಡಲಿಲ್ಲ.

ಸದ್ದು ನಿಂತ ಮೇಲೆ ಅವಳು ಕೈ ಚಾಚಿದಳು. "ಡಬ್ಬ ಕೊಡಿ."

ಅವನು ಡ್ರಾಯರ್‌ನಿಂದ ಪೌಡರ್ ಡಬ್ಬ ತೆಗೆದುಕೊಟ್ಟ. ಅವಳು ಅದನ್ನು ತನ್ನ ಚೀಲದ ಸ್ಕ್ರೂಡ್ರೈವರ್‌ಗಳ ನಡುವೆ ತುರುಕಿದಳು.

"ನಾಳೆ ಸಂಜೆ ಐದೂವರೆಗೆ ಗೇಟ್ ಹತ್ರ ಬನ್ನಿ. ವಾಪಸ್ ಕೊಡ್ತೀನಿ."

"ಡಬ್ಬ ಬೇಡ," ಎಂದ ಅವನು. "ಬರ್ತೀನಿ."