ತೌಡಿಗೆ ಕೊಂಡ ಕೂಸಿನ ಹೆಸರು

ಪುಟ್ಟಮಲ್ಲಮ್ಮ ನನ್ನ ಅಂಗಡಿಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಹತ್ತಿದರು ಅನ್ನುವುದೂ ತಪ್ಪೇ. ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ರಸ್ತೆಯ ಮೇಲೆ ಇಟ್ಟುಕೊಂಡು ನಿಂತರು.

ಯಳಂದೂರು ಬಸ್‌ಸ್ಟ್ಯಾಂಡಿನ ಹಿಂದೆ ನನ್ನದು ಲೇಡೀಸ್ ಟೈಲರ್ ಅಂಗಡಿ. ಮಾಂಬಳ್ಳಿಯ ಮೇಲಿನ ಬೀದಿಯ ಹೆಂಗಸರು ಎಷ್ಟೋ ಜನ ನನ್ನ ಹತ್ತಿರವೇ ಬ್ಲೌಸ್ ಹೊಲಿಸುತ್ತಾರೆ. ಈಯಮ್ಮ ಮಾತ್ರ ಬಂದವರಲ್ಲ. ಇವರ ಮಗ ಉದಯಕುಮಾರ್‌ನನ್ನು ನಾನು ಪ್ರೀತಿಸಿದ್ದೆ, ಅವನೂ ನನ್ನನ್ನು ಪ್ರೀತಿಸಿದ್ದ. ಅದು ಗೊತ್ತಾದ ದಿನ ಈಯಮ್ಮ ನಮ್ಮ ಕೇರಿಯ ತುದಿಗೆ ಬಂದು ನಿಂತು, "ನಮ್ ಒಸ್ಲು ತುಳಿಯೋ ಜನವಾ ನೀವು" ಎಂದು ಊರಿಗೆಲ್ಲ ಕೇಳುವಂತೆ ಕೂಗಿದ್ದರು.

ಹಾಗಾಗಿ ನಾನು ಮಿಶಿನ್ ನಿಲ್ಲಿಸಲಿಲ್ಲ.

"ರಾಣಿ, ಒಸಿ ಮಾತಾಡ್ಬೇಕಿತ್ತು ಕಣವ್ವ."

"ಅಳತೆ ಬ್ಲೌಸ್ ತಂದಿದ್ದೀರಾ ಅಮ್ಮಾವ್ರೇ?"

"ಒಲ್ಸಕ್ಕೆ ಬಂದಿಲ್ಲ. ನನ್ ಮೊಮ್ಮಗನ್ನ ನೀನು ಕೊಂಡ್ಕಬೇಕು."

ಪೆಡಲ್ ಮೇಲಿದ್ದ ಕಾಲು ತಾನಾಗಿ ನಿಂತುಹೋಯಿತು.

ಉದಯನ ಹೆಂಡತಿ ದಿವ್ಯಳಿಗೆ ಎರಡು ಕೂಸು ಹೋಗಿದ್ದವು. ಒಂದು ಹುಟ್ಟಿದ ದಿನವೇ, ಇನ್ನೊಂದು ಹಲ್ಲು ಬರುವ ಮುಂಚೆ. ಈಗ ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಮೂರನೆಯದು ಹುಟ್ಟಿದೆ, ಗಂಡು. ಹಿಂದೆ ಕೂಸು ಉಳಿಯದ ಮನೆಗಳಲ್ಲಿ ಮಾಡುತ್ತಿದ್ದ ಶಾಸ್ತ್ರ ನನಗೂ ಗೊತ್ತು. ಕೂಸನ್ನು ತಿಪ್ಪೆಯ ಪಕ್ಕ ಮಲಗಿಸುತ್ತಾರೆ. ಬೇರೆ ಮನೆಯ ಹೆಂಗಸು ಒಂದು ಮೊರ ತೌಡು ಕೊಟ್ಟು ಅದನ್ನು ಕೊಳ್ಳುತ್ತಾಳೆ. ಕೊಂಡವಳೇ ತಾಯಿ, ಅವಳು ಇಟ್ಟದ್ದೇ ಹೆಸರು. ಆಮೇಲೆ ಹೆತ್ತವರು ಒಂದು ಮೊರ ಅಕ್ಕಿ ಕೊಟ್ಟು ಬಿಡಿಸಿಕೊಳ್ಳುತ್ತಾರೆ. ಹೆಸರು ಮಾತ್ರ ಸಾಯುವವರೆಗೂ ಬದಲಾಯಿಸುವ ಹಾಗಿಲ್ಲ.

"ನಾನೇ ಯಾಕಮ್ಮಾವ್ರೇ? ನಿಮ್ ಬೀದೀಲಿ ಹೆಂಗಸರಿಲ್ವಾ?"

ಅವರು ರಸ್ತೆಯ ಕಡೆ ನೋಡಿದರು. "ಶಾಸ್ತ್ರ ಯೋಳೋ ಅನೂರಿನ ಸೋಮಮ್ಮನ ತಾವ ಕೇಳ್ಸುದೊ. ಎಣ್ಣೊಬ್ಳ ಕಣ್ಣೀರು ತಟ್ಟ್ಯದೆ ನಿಮ್ ಮನೆಗೆ, ಕೂಸ್ನ ಅವ್ಳಿಗೇ ಮಾರಿ, ತನ್ ಕೂಸಿಗೆ ತಾನೇ ಕೆಟ್ಟದ್ ಬಯಸಾಳಾ ಅಂದ್ಲು."

"ಅಂದ್ರೆ ಆ ಎರಡು ಕೂಸನ್ನ ನಾನು ಕೊಂದೆ ಅಂತೀರಾ?"

"ನಾನೆಲ್ಲಂದೆ? ಸೋಮಮ್ಮ ಅಂದ್ಲು."

ಮೈಯೆಲ್ಲ ಉರಿದುಹೋಯಿತು. ನಾನು ಅತ್ತಿದ್ದು ನಿಜ. ನನ್ನ ಕಣ್ಣೀರು, ನನ್ನ ದಿಂಬು, ಅದಕ್ಕೂ ಇವರು ಲೆಕ್ಕ ಕೇಳಲು ಬಂದಿದ್ದಾರೆ. ಕತ್ತರಿ ಎತ್ತಿ ಮೇಜಿನ ಮೇಲೆ ಕುಕ್ಕಿದೆ. ಈಯಮ್ಮ ಬೆಚ್ಚಿದರೂ ಜಾಗ ಬಿಟ್ಟು ಕದಲಲಿಲ್ಲ. ಕಣ್ಣು ಕೆಂಪಾಗಿತ್ತು. ಎರಡು ಮೊಮ್ಮಕ್ಕಳನ್ನು ಮಣ್ಣು ಮಾಡಿದ ಮುದುಕಿ ಅದು, ಏನು ಬೈಯಲಿ?

"ತಿಪ್ಪ ಅಂತ್ಲೋ ಕಸ ಅಂತ್ಲೋ ಎಸ್ರು ಮಡಗು ಕಣವ್ವ. ಜವರಾಯ ಅಸಹ್ಯಪಟ್ಕಂಡು ತಿರುಗ್ ನೋಡ್ದಂಗೆ ಓಗ್ಲಿ" ಎಂದು ಹೇಳಿ ಇಳಿದು ಹೋದರು.

*

ಉದಯ ಮೊದಲ ಸಲ ನನ್ನ ಅಂಗಡಿಗೆ ಬಂದದ್ದು ತಂಗಿಯ ಚೂಡಿದಾರ್ ತೆಗೆದುಕೊಂಡು ಹೋಗಲು. ಆಮೇಲೆ ಬಂದದ್ದೆಲ್ಲ ಗುಂಡಿಗಾಗಿ. ಬೀದಿಯ ಮೂಲೆಯಲ್ಲಿ ಬೈಕ್ ನಿಲ್ಲಿಸಿ ತನ್ನ ಶರ್ಟಿನ ಗುಂಡಿ ತಾನೇ ಕಿತ್ತು, ಅದನ್ನು ಅಂಗೈಯಲ್ಲಿಟ್ಟುಕೊಂಡು ಬರುತ್ತಿದ್ದ.

"ನಿಮ್ ಶರ್ಟಿಗೆ ಗುಂಡಿ ನಿಲ್ಲೋದೇ ಇಲ್ವಲ್ಲ, ಹೊಟ್ಟೆ ಬಂದಿದ್ಯಾ?"

"ಹೊಟ್ಟೆ ಅಲ್ಲ. ನಿಮ್ಮಂಗ್ಡಿ ಹತ್ರ ಬಂದ್ರೆ ಎದೆ ಉಬ್ಬುತ್ತೆ."

"ಇದು ಲೇಡೀಸ್ ಟೈಲರ್ ಕಣ್ರಿ, ಬೋರ್ಡ್ ಓದಕ್ಕೆ ಬರಲ್ವಾ?"

"ಬೋರ್ಡ್ ನೋಡಕ್ಕೆ ಯಾರ್ರೀ ಬರ್ತಾರೆ?"

ಶರ್ಟು ಬಿಚ್ಚಿಕೊಡಿ ಎಂದರೆ ನಾಚುತ್ತಿದ್ದ. ಮೈಮೇಲಿದ್ದಂತೆಯೇ ಹೊಲಿಯಬೇಕು. ಗುಂಡಿ ಹೊಲಿದು, ದಾರವನ್ನು ಹಲ್ಲಿನಿಂದ ಕಡಿಯಲು ಬಗ್ಗಿದಾಗ ಅವನು ಉಸಿರು ಬಿಡುತ್ತಿರಲಿಲ್ಲ. ನಾನು ಬೇಕೆಂದೇ ನಿಧಾನ ಮಾಡುತ್ತಿದ್ದೆ. ತಲೆ ಎತ್ತಿದರೆ ಅವನು ನನ್ನ ಹಣೆಯನ್ನೋ ಕಿವಿಯನ್ನೋ ನೋಡುತ್ತಿದ್ದ. ಕಣ್ಣು ಸಿಕ್ಕ ತಕ್ಷಣ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದ. ಆ ಕ್ಯಾಲೆಂಡರನ್ನು ಅವನಷ್ಟು ಶ್ರದ್ಧೆಯಿಂದ ನೋಡಿದವರು ಯಾರೂ ಇಲ್ಲ.

ಹೆಸರಿನ ಮಾತು ಬಂದದ್ದು ಸುವರ್ಣಾವತಿ ಸೇತುವೆಯ ಮೇಲೆ, ಒಂದು ಸಂಜೆ. ಮದುವೆಯೇ ಗೊತ್ತಾಗಿಲ್ಲ, ಮಗನ ಹೆಸರಿಗೆ ಜಗಳ.

"ನಮ್ಮಪ್ಪ ದೊಡ್ಡಮಾದಪ್ಪ. ಅಮ್ಮ ಬಿಟ್ರೆ ಮೊಮ್ಮಗನಿಗೂ ಅದನ್ನೇ ಇಡ್ತಾಳೆ" ಎಂದ.

"ನಮ್ ತಾತ ದೊಡ್ಡಮಾದಯ್ಯ. ಅದೇ ಮಾದೇವ. ನಿಮ್ ಬೀದೀಲಿ ಅಪ್ಪ, ನಮ್ ಕೇರೀಲಿ ಅಯ್ಯ. ಹೆಸರು ಕೇಳಿದ್ರೆ ಸಾಕು, ಒಳಗೆ ಕರೀಬೇಕಾ ಹೊರಗೇ ನಿಲ್ಲಿಸಬೇಕಾ ಅಂತ ಜನಕ್ಕೆ ಗೊತ್ತಾಗೋಗುತ್ತೆ."

ಅವನ ನಗು ನಿಂತಿತು. "ಹಂಗಾದ್ರೆ ಯಾರೂ ಕೇಳಿರದ ಹೆಸರು ಇಡೋಣ. ನೇಸರ" ಎಂದ.

"ನೇಸರ?"

"ಸೂರ್ಯ. ಮೇಷ್ಟ್ರು ಹಾಜರಿ ಕೂಗಿದ್ರೆ ಯಾವ ಬೀದಿ ಹುಡುಗ ಅಂತ ಒಬ್ರಿಗೂ ಗೊತ್ತಾಗ್ಬಾರ್ದು."

ಆ ಸಂಜೆ ನಾನು ಅವನ ಕೈ ಹಿಡಿದುಕೊಂಡೆ, ರಸ್ತೆಯಲ್ಲಿ ಜನ ಓಡಾಡುತ್ತಿದ್ದರೂ. ಅಷ್ಟು ದೊಡ್ಡ ಮಾತಾಡಿದವನು ಮನೆಯಲ್ಲೂ ಮಾತಾಡುತ್ತಾನೆ ಎಂದು ನಂಬಿದೆ. ಮಾತಾಡಲಿಲ್ಲ. ಅವರಮ್ಮ ಊಟ ಬಿಟ್ಟರು, ಅವನು ನನ್ನನ್ನು ಬಿಟ್ಟ. ಕೊಳ್ಳೇಗಾಲದ ಛತ್ರದಲ್ಲಿ ದಿವ್ಯಳಿಗೆ ತಾಳಿ ಕಟ್ಟಿದ. ಆ ಮದುವೆಗೆ ಅವರ ಬೀದಿಯ ಹೆಂಗಸರು ತೊಟ್ಟ ಬ್ಲೌಸುಗಳಲ್ಲಿ ಅರ್ಧ ನಾನೇ ಹೊಲಿದದ್ದು.

*

ಪುಟ್ಟಮಲ್ಲಮ್ಮ ಬಂದುಹೋದ ಮಾರನೆಯ ಸಂಜೆ ಉದಯ ಬಂದ. ಕೆನ್ನೆ ಇಳಿದಿತ್ತು, ಗಡ್ಡ ಬಿಟ್ಟಿದ್ದ. ಶರ್ಟಿನ ಗುಂಡಿಗಳೆಲ್ಲ ನೆಟ್ಟಗಿದ್ದವು.

"ಹೇಗಿದೀಯ ರಾಣಿ?"

"ಚೆನ್ನಾಗಿದೀನಿ. ನೀವು?"

ಪ್ರೀತಿಸುತ್ತಿದ್ದಾಗ 'ನೀನು' ಎನ್ನುತ್ತಿದ್ದೆ, ಈ 'ನೀವು' ಅವನಿಗೆ ನಾಟಿತು. ನಾಟಲಿ ಎಂದೇ ಹೇಳಿದ್ದು.

"ಅಮ್ಮ ಅಂದಿದ್ದಕ್ಕೆ ಬೇಜಾರಾಗ್ಬೇಡ. ನೀನು ಶಾಪ ಹಾಕೋಳಲ್ಲ ಅಂತ ನಂಗೊತ್ತು."

"ಅದನ್ನ ನಿಮ್ಮಮ್ಮಂಗೆ ಹೇಳಿದ್ರಾ?"

ಅವನು ಕೌಂಟರಿನ ಮೇಲೆ ಬಿದ್ದಿದ್ದ ಬಟ್ಟೆಯ ಚೂರನ್ನು ಬೆರಳಿಗೆ ಸುತ್ತುತ್ತಾ ನಿಂತ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ, "ನೇಸರ ಅಂತ ಇಡು. ನೀನು ಇಟ್ಬಿಟ್ರೆ ಅಮ್ಮ ಏನೂ ಮಾಡಂಗಿಲ್ಲ. ಅಷ್ಟಾದ್ರೂ ನಮ್ದು ಅಂತ ಆ ಮನೇಲಿ ಉಳೀಲಿ."

ಸುಳ್ಳು ಯಾಕೆ ಹೇಳಲಿ, ಆಸೆಯಾಯಿತು. ಆ ಹೆಸರನ್ನು ಇವನು ಇನ್ನೂ ಮರೆತಿಲ್ಲ. ನನ್ನನ್ನು ಒಳಗೆ ಬಿಡದ ಮನೆಯಲ್ಲಿ ದಿನಾ ನಾನು ಇಟ್ಟ ಹೆಸರು ಕೂಗುತ್ತಾರೆ. ಅದಕ್ಕಿಂತ ಇನ್ನೇನು ಬೇಕಿತ್ತು ನನಗೆ?

"ದಿವ್ಯಂಗೆ ಗೊತ್ತಾ, ಇದು ಎಲ್ಲಿಂದ ಬಂದ ಹೆಸರು ಅಂತ?"

"ಅವಳಿಗ್ಯಾಕೆ ಅದೆಲ್ಲ?"

ಅಷ್ಟು ಸುಲಭವಾಗಿ ಅಂದುಬಿಟ್ಟ. ನಾನು ಅವನ ಮುಖವನ್ನೇ ನೋಡಿದೆ. ನನ್ನ ಹೆಸರನ್ನೂ ಇವನು ಮನೆಯಲ್ಲಿ ಹೀಗೇ ಮುಚ್ಚಿಟ್ಟಿದ್ದ. ಇವನ ಪ್ರೀತಿಯೆಲ್ಲ ಇನ್ನೊಬ್ಬರ ಬಾಯಿಂದಲೇ ಆಚೆ ಬರಬೇಕು. ಆದರೂ ಹೋಗುವಾಗ ಅವನು ಬಾಗಿಲಲ್ಲಿ ತಿರುಗಿ ಮೊದಲಿನ ಹಾಗೇ ನನ್ನ ಕಿವಿಯ ಕಡೆ ನೋಡಿದ. ನನ್ನ ಕೈ ತಾನಾಗಿ ಓಲೆ ಸರಿಮಾಡಿಕೊಂಡಿತು. ನನ್ನ ಮೇಲೆಯೇ ಸಿಟ್ಟು ಬಂತು.

ನಮ್ಮವ್ವ ಗೋವಿಂದಮ್ಮ ಕೇಳಿ ಹೌಹಾರಿದಳು. "ಓಗ್ಬ್ಯಾಡ ಕಣವ್ವ. ನಾಳೆ ಆ ಕೂಸಿಗೆ ಒಸಿ ನೆಗಡಿ ಬಂದ್ರೂ ನಿನ್ ತಲೆ ಮೇಕೇ ಬತ್ತದೆ."

"ಕೂಸು ಏನ್ ಮಾಡಿತ್ತವ್ವ?"

"ನೀನೇನ್ ಮಾಡಿದ್ದೆ?"



*

ಸೋಮವಾರ ಬೆಳಿಗ್ಗೆ ರೈಸ್ ಮಿಲ್ಲಿನಿಂದ ತೌಡು ತೆಗೆದುಕೊಂಡು ಮಾಂಬಳ್ಳಿಗೆ ಹೋದೆ. ಹಿತ್ತಲಿನಿಂದ ಬರಲು ಹೇಳಿ ಕಳಿಸಿದ್ದರು. ಅಲ್ಲಿ ಕೊಟ್ಟಿಗೆಯ ಪಕ್ಕ, ತಿಪ್ಪೆಯ ಹತ್ತಿರ, ಹಳೆಯ ಸೀರೆಯ ಮೇಲೆ ಕೂಸು ಮಲಗಿತ್ತು. ಅಕ್ಕಪಕ್ಕದ ಮನೆಯ ಹೆಂಗಸರು ದೂರದಲ್ಲಿ ನಿಂತಿದ್ದರು. ಉದಯ ಬಾವಿಕಟ್ಟೆಗೆ ಒರಗಿದ್ದ.

ತೌಡು ಸುರಿದು ಕೂಸನ್ನು ಎತ್ತಿಕೊಂಡೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ನನ್ನ ಕುತ್ತಿಗೆಯ ಸಂದಿಗೆ ಮೂಗು ತಂದು ಸುಮ್ಮನಾಯಿತು. ಹಾಲಿನ ವಾಸನೆ. ಕಿವಿ ಥೇಟ್ ಉದಯನದೇ, ತುದಿಯಲ್ಲಿ ಸ್ವಲ್ಪ ಮಡಚಿದ್ದು. ಇದು ನನ್ನದಾಗಬೇಕಿತ್ತು, ತೌಡು ಕೊಡದೆ, ಮುಂಬಾಗಿಲಿನಿಂದ ಬಂದು, ನನ್ನದೇ ಆಗಬೇಕಿತ್ತು.

ದಿವ್ಯ ಹತ್ತಿರ ಬಂದಳು. ಬಾಣಂತಿ, ತಲೆಗೆ ಬಟ್ಟೆ ಕಟ್ಟಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ. ನನ್ನ ಮೇಲೆ ಸಿಟ್ಟಿರುತ್ತದೆ ಎಂದುಕೊಂಡಿದ್ದೆ, ಅವಳಿಗೆ ಅದಕ್ಕೂ ಶಕ್ತಿ ಇದ್ದ ಹಾಗೆ ಕಾಣಲಿಲ್ಲ.

"ಅಕ್ಕ, ನಿಜವಾಗ್ಲೂ ನೀವು ನಮ್ಗೆ ಕೆಟ್ಟದ್ದು ಅಂದಿದ್ರಾ?"

"ಅತ್ತಿದ್ದೆ ಕಣವ್ವ. ಅಷ್ಟೇ. ನಿನ್ ಕೂಸಿಗೆ ಕೆಟ್ಟದ್ದು ಬಯಸ್ಲಿಲ್ಲ, ನಮ್ಮವ್ವನಾಣೆ."

ಅವಳು ನನ್ನ ಮೊಣಕೈ ಹಿಡಿದುಕೊಂಡಳು. ಆ ಮನೆಯವರು ಯಾರಾದರೂ ನನ್ನನ್ನು ಎಲ್ಲರೆದುರು ಮುಟ್ಟಿದ್ದು ಅದೇ ಮೊದಲು. "ಏನ್ ಬೇಕಾದ್ರೂ ಕರೀರಿ ಅಕ್ಕ, ಇದು ಉಳ್ಕೊಂಡ್ರೆ ಸಾಕು. ನೀವಿಟ್ಟ ಹೆಸರನ್ನ ನಾನು ಬಾಯ್ತುಂಬ ಕರೀತೀನಿ."

ನೇಸರ ಎನ್ನಲು ಬಾಯಿ ತೆರೆದವಳು ಅಲ್ಲೇ ನಿಂತೆ. ಇವಳು ಬಾಯ್ತುಂಬ ಕರೆಯುತ್ತಾಳೆ. ಹಾಲು ಕುಡಿಸುವಾಗ, ಜ್ವರ ಬಂದಾಗ, ಬಾಗಿಲಲ್ಲಿ ನಿಂತು ಸ್ಕೂಲಿನಿಂದ ಬರುವ ಮಗನಿಗೆ ಕಾಯುವಾಗ, ತನ್ನ ಗಂಡ ಇನ್ನೊಬ್ಬಳ ಜೊತೆ ಆರಿಸಿದ ಹೆಸರು ಎಂದು ಗೊತ್ತಿಲ್ಲದೆ ಕರೆಯುತ್ತಿರುತ್ತಾಳೆ. ಅವನು ಪಕ್ಕದ ಕೋಣೆಯಲ್ಲಿ ಕೂತು ಕೇಳಿಸಿಕೊಂಡು ಒಳಗೊಳಗೇ ಖುಷಿಪಡುತ್ತಾನೆ. ಅವಳಿಗೂ ಮೋಸ, ನನಗೂ ಮೋಸ.

ಅವನೇ ಹೇಳಿದರೆ ಮಾತು ಬೇರೆ. ಅವರಮ್ಮನ ಎದುರು, ಇವಳ ಎದುರು, ಇಷ್ಟು ಹೆಂಗಸರ ಎದುರು ಒಂದೇ ಒಂದು ಸಲ ಹೇಳಿದರೆ ಸಾಕು. ಅದಕ್ಕಾಗಿ ನಾನು ಇಷ್ಟು ವರ್ಷ ಕಾದಿದ್ದೆ ಎಂದು ಆ ತಿಪ್ಪೆಯ ಪಕ್ಕದಲ್ಲಿ ನನಗೇ ತಿಳಿಯಿತು. ಬಂದ ಎರಡು ಸಂಬಂಧಗಳನ್ನು ಬೇಡವೆಂದದ್ದೂ ಅದಕ್ಕೇ.

"ಯೋಳವ್ವ, ಒತ್ತಾಯ್ತದೆ" ಎಂದರು ಪುಟ್ಟಮಲ್ಲಮ್ಮ.

"ನಾನು ಕೊಂಡಾಯ್ತು ಅಮ್ಮಾವ್ರೇ, ಈಗ ಇವ್ನು ನನ್ ಮಗ. ನನ್ ಮಗನ್ನ ಮೊದಲ್ನೇ ಸಲ ಇವ್ರಪ್ಪ ಕರೀಲಿ. ಹೆಸರು ಅವ್ರಿಗೆ ಗೊತ್ತು. ಅವ್ರು ಕರೆದದ್ದನ್ನೇ ನಾನು ಇಡ್ತೀನಿ."

ಎಲ್ಲರೂ ಬಾವಿಕಟ್ಟೆಯ ಕಡೆ ತಿರುಗಿದರು. ಕೂಸನ್ನು ಎತ್ತಿಕೊಂಡು ನಾನು ಅವನ ಎದುರು ಹೋಗಿ ನಿಂತೆ. ಗುಂಡಿ ಹೊಲಿಯುವಾಗ ನಿಲ್ಲುತ್ತಿದ್ದಷ್ಟೇ ಹತ್ತಿರ.

"ಹೇಳು ಉದಯ್" ಎಂದೆ ಮೆಲ್ಲಗೆ. 'ನೀವು' ಬಿಟ್ಟುಹೋಗಿತ್ತು.

ಅವನ ತುಟಿ ಅಲ್ಲಾಡಿತು. ಕಣ್ಣು ತುಂಬಿತು. ಅದನ್ನು ನಾನು ಕಂಡೆ, ಈಗಲೂ ಅದು ಸುಳ್ಳು ಕಣ್ಣೀರು ಎಂದು ನಾನು ಹೇಳುವುದಿಲ್ಲ. ನನ್ನ ಭುಜದ ಮೇಲಿಂದ ಅಮ್ಮನನ್ನು ನೋಡಿದ. ಅಲ್ಲಿ ನಿಂತಿದ್ದ ಹೆಂಗಸರನ್ನು ನೋಡಿದ. ಆಮೇಲೆ ನೆಲ ನೋಡಿದ.

"ತಿಪ್ಪ" ಎಂದ.

ನಾನು ಕೂಸಿನ ಆ ಮಡಚಿದ ಕಿವಿಗೆ ಬಾಯಿಟ್ಟು, ತಿಪ್ಪ, ತಿಪ್ಪ, ತಿಪ್ಪ ಎಂದು ಎಲ್ಲರಿಗೂ ಕೇಳುವಂತೆ ಕರೆದೆ. ನೂರು ವರ್ಷ ಬಾಳು ನನ್ನಪ್ಪ ಎಂದೂ ಅಂದೆ. ಆ ಮಾತು ಶಾಸ್ತ್ರದಲ್ಲಿರಲಿಲ್ಲ.

ಪುಟ್ಟಮಲ್ಲಮ್ಮ ಒಂದು ಮೊರ ಅಕ್ಕಿ ತಂದು ನನ್ನ ಸೆರಗಿಗೆ ಎತ್ತರದಿಂದ ಸುರಿದರು. ಕೂಸನ್ನು ನೆಲದ ಮೇಲೆ ಮಲಗಿಸಲು ಹೇಳಿದರು, ಕೈಯಿಂದ ಕೈಗೆ ತೆಗೆದುಕೊಳ್ಳಲಿಲ್ಲ. ಉದಯ ಚೊಂಬು ಹಿಡಿದುಕೊಂಡು ಬಂದ. ನನ್ನ ಮೈ ತಾಗಿದ ಕೂಸಿನ ಮೇಲೆ ಅರಿಶಿನದ ನೀರು ಚಿಮುಕಿಸಿ ಒಳಗೆ ಕರೆದುಕೊಳ್ಳಬೇಕಂತೆ. ಅವರಮ್ಮ ಚಿಮುಕಿಸಿದರು, ಇವನು ಚೊಂಬು ಹಿಡಿದಿದ್ದ. ತಣ್ಣೀರು ಬಿದ್ದು ಕೂಸು ಅತ್ತಿತು.

ಅಕ್ಕಿಯನ್ನು ಅವರ ಕೊಟ್ಟಿಗೆಯ ಕೋಳಿಗಳಿಗೆ ಸುರಿದು ಸೆರಗು ಕೊಡವಿದೆ. ದಿವ್ಯ ಮಗನನ್ನು ಎದೆಗೆ ಒತ್ತಿಕೊಂಡು ಹಿತ್ತಲ ಬೇಲಿಯವರೆಗೂ ನನ್ನ ಹಿಂದೆ ಬಂದಳು. ಉದಯ ಚೊಂಬಿನ ಸಮೇತ ಅಲ್ಲೇ ನಾಲ್ಕು ಮಾರು ದೂರದಲ್ಲಿ ನಿಂತಿದ್ದ.

"ಅಕ್ಕ, ಹೆಸರು ಅವ್ರಿಗೆ ಗೊತ್ತು ಅಂದ್ರಲ್ಲ. ಬೇರೆ ಯಾವ್ದಾದ್ರೂ ಇತ್ತಾ?"

"ಇಲ್ಲ ಕಣವ್ವ. ಇದ್ದಿದ್ರೆ ಹೇಳ್ತಿದ್ರು."

ಉದಯ ಕೇಳಿಸಿಕೊಂಡ. ಚೊಂಬು ಹಿಡಿದುಕೊಂಡೇ ಅಮ್ಮ ಇದ್ದ ಕಡೆ ತಿರುಗಿ ನಡೆದ.