ಮುದ್ರೆ ಹಾಕಿದ ಕೋಣೆಯ ಹಾಡು

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ಹಾಡಿದವಳು ನಾನೇ. ೧೯೮೬ರ ಬೇಸಿಗೆ. ಹುಲಿಕುಂಟೆ ದಾರಿಯ ಹಳೇ ಕಡಲೆಕಾಯಿ ಮಿಲ್ಲಿನಲ್ಲಿ ಯಾರೋ ಕದ್ದುಮುಚ್ಚಿ ಮತ್ತಿನ ಮಾತ್ರೆ ಮಾಡುತ್ತಿದ್ದು ಸಿಕ್ಕಿಬಿದ್ದಿದ್ದರು. ಅದನ್ನು ಚೊಕ್ಕಟ ಮಾಡಿ ಶಿಶುವಿಹಾರಕ್ಕೆ ಕೊಡುತ್ತಾರೆಂದು ಗೊತ್ತಾಗಿ, ನಾನೂ ನಾದಿನಿ ಲಕ್ಕಮ್ಮನೂ ಖುಷಿಯಿಂದಲೇ ತೊಳೆಯಲು ಹೋದೆವು. ಕೂರುವವರು ನಮ್ಮ ಮಕ್ಕಳೇ ತಾನೆ.

ಹೆಲ್ತ್ ಇನ್‌ಸ್ಪೆಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು: ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ತೊಳೆದ ನೀರನ್ನು ಬಾವಿಯಿಂದ ದೂರದ ಗುಂಡಿಗೆ ಸುರಿಯಬೇಕು, ಅರಗಿನ ಮುದ್ರೆ ಹಾಕಿದ ಒಳಕೋಣೆಯನ್ನು ಮುಟ್ಟಬಾರದು.

ಮಟಮಟ ಮಧ್ಯಾಹ್ನ ಗೋಡೆ ಉಜ್ಜುತ್ತಾ ಸೋಬಾನೆ ಹಾಡುತ್ತಿದ್ದೆವು. ನಾವು ನಿಲ್ಲಿಸಿದ ಕಡೆ ಒಳಕೋಣೆಯಿಂದ ಹೆಂಗಸಿನ ದನಿಯೊಂದು ಸೊಲ್ಲು ಎತ್ತಿಕೊಂಡಿತು. ಬಾಗಿಲ ಸಂದಿಯಿಂದ ತಣ್ಣನೆಯ ಗಾಳಿ ಬಂತು. ಔಷಧಿಯ ಘಾಟಿನ ನಡುವೆ ಹಸಿ ಅರಿಶಿನದ ವಾಸನೆ.

“ಅತ್ಗೆ, ಓಡೋಗಾನಾ?” ಅಂದಳು ಲಕ್ಕಮ್ಮ.

“ಸುಮ್ಕಿರು. ಎಷ್ಟು ಚೆಂದಾಗಿ ಹಾಡ್ತಾವ್ಳೆ ಕೇಳು.”

ಹೆದರಬೇಕಿತ್ತು, ನಮಗೆ ನಗು ಬಂತು. ಸಂಜೆಯವರೆಗೂ ನಾವೊಂದು ನುಡಿ, ಅವಳೊಂದು ನುಡಿ ಹಾಡಿದೆವು. ಕೊನೆಯ ನುಡಿ ಮಾತ್ರ ನಮಗೆ ಗೊತ್ತಿರದ್ದು. ಅವಳು ಮೂರು ಸಲ ಹೇಳಿಕೊಟ್ಟಳು, ಕಲಿತುಕೊಂಡೆವು.

ಮರುದಿನ ಇನ್‌ಸ್ಪೆಕ್ಟರು ನಮ್ಮೆದುರೇ ಮುದ್ರೆ ಒಡೆದರು. ಕಿಟಕಿಯಿಲ್ಲದ ಕೋಣೆ, ಎರಡು ಖಾಲಿ ಡ್ರಮ್ಮು. ನೆಲದ ಧೂಳಿನಲ್ಲಿ ಒಂದು ಹೆಜ್ಜೆಯೂ ಇರಲಿಲ್ಲ.

ಮುಂದೆ ಲಕ್ಕಮ್ಮನ ಮಗಳ ಮದುವೆಯಲ್ಲಿ ಆ ನುಡಿ ಹಾಡಿದೆವು. ಮಧುಗಿರಿ, ಪಾವಗಡ, ಕೊರಟಗೆರೆಯಿಂದ ಬಂದಿದ್ದ ಹಾಡುವ ಅಜ್ಜಿಯರೆಲ್ಲ ಹಿಗ್ಗಿ, ಮತ್ತೆ ಮತ್ತೆ ಹಾಡಿಸಿದರು. ಅವರಲ್ಲಿ ಯಾರೊಬ್ಬರೂ ಅದನ್ನು ಹಿಂದೆಂದೂ ಕೇಳಿರಲಿಲ್ಲ.